ಹೊರಜಗ್ಗು

ಹಾನಗಲ್ಲಿನಲ್ಲಿ ನಾನು ಹೆಣ್ಣುಮಕ್ಕಳ ಶಾಲೆಯ ಅಕ್ಕೋರಾಗಿದ್ದಾಗ ಮಗ್ಗುಲ ಮನೆಯಲ್ಲಿ ಒಬ್ಬ ವಕೀಲರಿದ್ದರು. ಸುಳ್ಳು ಹೇಳುವುದಿಲ್ಲ ಎಂಬುದು ಅವರ ಹಟ. ನೇಗಿಲು ಮುಟ್ಟದ ಒಕ್ಕಲಿಗ ಹೇಗೋ ಸುಳ್ಳು ಹೇಳದ ವಕೀಲನೂ ಹಾಗೆಯೇ ಎಂದು ಊರು ನಗುತ್ತಿತ್ತು. ಅವರು ಅದಕ್ಕೂ ಒಂದು ಉಪಾಯ ಹುಡುಕಿಕೊಂಡಿದ್ದರು. ಕೋರ್ಟಿನಲ್ಲಿ ಏನನ್ನೂ ಹೇಳುತ್ತಿರಲಿಲ್ಲ, ಬರೀ ಕೇಳುತ್ತಿದ್ದರು. "ಪ್ರಶ್ನೆ ಎಂದೂ ಸುಳ್ಳಾಗೂದಿಲ್ರಿ ಅಕ್ಕೋರ, ಸುಳ್ಳಾಗೂದು ಉತ್ತರ" ಎನ್ನುತ್ತಿದ್ದರು. ಗೆದ್ದ ಖಟ್ಲೆಗಳೂ ಇದ್ದವು, ಸೋತವು ಅದಕ್ಕಿಂತ ಹೆಚ್ಚು. ಮನೆಯಲ್ಲಿ ಹೊಲದ ಜೋಳ ಬರುತ್ತಿದ್ದುದರಿಂದ ನಡೆದುಹೋಯಿತು.

ಮದುವೆಯಾಗಿರಲಿಲ್ಲ. ಅದಕ್ಕೆ ಅವರ ತಾಯಿ ಹೇಳುತ್ತಿದ್ದ ಕಾರಣ ಇದು: ಒಮ್ಮೆ ಶಿಗ್ಗಾವಿಗೆ ಹೆಣ್ಣು ನೋಡಲು ಹೋಗಿದ್ದರಂತೆ. ಹುಡುಗಿ ಹಾಡಿದಳು. ಹುಡುಗಿಯ ತಂದೆ, "ಹೆಂಗನಸ್ತ್ರಿ?" ಎಂದು ಕೇಳಿದರು. ಇವರು, "ಶ್ರುತಿ ಒಂಚೂರು ಇಳದಿತ್ರಿ" ಎಂದರು. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು, ಗಾಡಿ ಊರ ದಾರಿ ಹಿಡಿಯಿತು. "ನನ್ನ ಮಗನ ನಾಲಿಗಿ ಮ್ಯಾಲ ಸತ್ಯಹರಿಶ್ಚಂದ್ರ ಕುಂತಾನ, ಮನ್ಯಾಗ ಸೊಸಿ ಕೂಡಲಿಲ್ಲ" ಎಂದು ಮುದುಕಿ ನನ್ನೆದುರು ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

ಸಣಕಲು ಆಳು. ಯಾವಾಗಲೂ ಬಲಗಿವಿಯನ್ನು ತುಸು ಮುಂದೆ ಮಾಡಿ ನಿಲ್ಲುತ್ತಿದ್ದರು. ಸವಣೂರಿನ ಎಲೆ ಬಿಟ್ಟರೆ ಬೇರೆ ಎಲೆ ಬಾಯಿಗೆ ಹಾಕುತ್ತಿರಲಿಲ್ಲ. ತಂಗಿಯ ಮನೆ ಅಲ್ಲೇ ಇದ್ದುದರಿಂದ ಎಲೆಯ ಕಟ್ಟು ತಪ್ಪದೆ ಬರುತ್ತಿತ್ತು. ಆದರೆ ಗ್ರಾಮಫೋನಿನ ಮೇಲೆ ಹಾಡಿನ ತಟ್ಟೆ ತಿರುಗುವಾಗ ಎಲೆ ಮೆಲ್ಲುತ್ತಿರಲಿಲ್ಲ. ದವಡೆಯ ಸದ್ದು ಕಿವಿಯೊಳಗೇ ಕೇಳುತ್ತದಂತೆ. ನಾನು ಕೂತು ಬಳೆ ಸರಿಸಿದರೂ ಮುಖ ಹುಳ್ಳಗೆ ಮಾಡುತ್ತಿದ್ದರು. ಅಂಥವರ ಮನೆಗೆ ಯಾಕೆ ಹೋಗುತ್ತಿದ್ದೆ ಎಂದರೆ, ಸಂಜೆಯ ಹೊತ್ತು ಹಾನಗಲ್ಲಿನಲ್ಲಿ ಕಿವಿಗೆ ಒಳ್ಳೆಯದು ಬೀಳುವ ಬೇರೆ ಜಾಗವಿರಲಿಲ್ಲ.

ಆ ಮಷಿನ್ನು ಮುಂಬಯಿಯಿಂದ ರೈಲಿನಲ್ಲಿ ಯಲವಿಗಿಗೆ ಬಂದು, ಅಲ್ಲಿಂದ ತಂಗಿಯ ಮನೆಯ ಗಾಡಿಯಲ್ಲಿ ಹುಲ್ಲಿನ ಮೆತ್ತೆಯ ಮೇಲೆ ಬಸುರಿಯ ಹಾಗೆ ಹಾನಗಲ್ಲಿಗೆ ಬಂತು. ಎರಡು ಪೆಟ್ಟಿಗೆಗಳಿಂದ ಎರಡು ಬೇರೆ ಧ್ವನಿ ಬರುವ ಹೊಸ ತರಹದ ಗ್ರಾಮಫೋನು. ಸಿತಾರು ಎಡಕ್ಕೆ, ತಬಲಾ ಬಲಕ್ಕೆ. ನಡುವೆ ಅವರು ತೋರಿಸಿದ ಜಾಗದಲ್ಲೇ ಕೂರಬೇಕು. ಅತ್ತಿತ್ತ ಸರಿದರೆ ಕೋರ್ಟಿನಲ್ಲಿ ಹೇಳುವ ಹಾಗೆ, "ಸಾಕ್ಷಿ ಜಾಗಾ ಬಿಡಬಾರದ್ರಿ" ಎನ್ನುತ್ತಿದ್ದರು.

ಕೆಲವು ದಿನ ಕೇಳಿದ ಮೇಲೆ ಅವರಿಗೆ ಒಂದು ನೋವು ಹತ್ತಿಕೊಂಡಿತು. ಬಲಗಡೆಯ ಪೆಟ್ಟಿಗೆ ಒಡಕು ಒಡಕಾಗಿ ಮಾತಾಡುತ್ತಿತ್ತು, ಅದರಲ್ಲೂ ಹಾಡು ಏರಿದಾಗ. ನನಗೆ ಗೊತ್ತಾಗುತ್ತಿರಲಿಲ್ಲ. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ನನಗೆ ಪಾಠ ಮಾಡಿದರು.

"ನೋಡ್ರಿ, ಈ ಗೆರಿ ಅಂದ್ರ ಒಂದು ಓಣಿ ಇದ್ದಂಗ. ಓಣಿಗೆ ಎರಡು ಗೋಡಿ. ಒಳಗಿನ ಗೋಡಿ ಎಡಪೆಟ್ಟಿಗಿ ಮಾತು ಹೇಳತೈತಿ, ಹೊರಗಿನ ಗೋಡಿ ಬಲಪೆಟ್ಟಿಗಿ ಮಾತು. ಮುಳ್ಳು ನಡುವ ಹೋಗಬೇಕು, ಇಬ್ಬರದೂ ಕೇಳಬೇಕು. ಆದ್ರ ಹೋಗೂದಿಲ್ಲ. ಒಳಗಿನ ಗೋಡಿಗೆ ಆತು ಬೀಳತೈತಿ."

"ಯಾಕ್ರಿ?" ಎಂದೆ.

"ಕಣದಾಗ ಮೇಟಿ ಸುತ್ತ ಎತ್ತು ತಿರಗೂದು ನೋಡೀರೇನು? ಎತ್ತು ಮುಂದ ನಡದ್ರೂ ಮೇಟಿ ಕಡೇನ ಜರೀತೈತಿ. ಇಲ್ಲೂ ಹಂಗ. ತಟ್ಟಿ ಮುಳ್ಳನ್ನ ಮುಂದಕ್ಕ ಎಳೀತೈತಿ. ಆದ್ರ ಮುಳ್ಳು ಹಿಡದ ಈ ತೋಳಿನ ತಲಿ ಸೊಟ್ಟ ಐತಲ್ಲ, ತೋಳಿನ ಬುಡಾ ಆ ಮೂಲ್ಯಾಗ ಐತಲ್ಲ, ಎಳತ ನೆಟ್ಟಗ ಬರೂದಿಲ್ಲ. ಒಂದೀಟು ನಡುವಿನ ಕಡೆ ಹೊಳ್ಳತೈತಿ. ತಿರಗೂದೆಲ್ಲ ಒಳಗ ಜಗ್ಗತೈತ್ರಿ ಅಕ್ಕೋರ, ಅದು ಅದರ ಸ್ವಭಾವ."

ಮದ್ದೂ ಮಷಿನ್ನಿನಲ್ಲೇ ಇತ್ತು. ತೋಳಿನ ಬುಡದಿಂದ ಒಂದು ಎಳೆ ದಾರ ಹೊರಟು ಸಣ್ಣ ಕೊಕ್ಕೆಯ ಮೇಲೆ ಹಾಯ್ದು ಕೆಳಗೆ ಇಳಿಬೀಳುತ್ತಿತ್ತು. ಅದರ ತುದಿಗೆ ತೂಕ ಕಟ್ಟಿದರೆ ತೋಳನ್ನು ಅದು ಮೆಲ್ಲಗೆ ಹೊರಗೆ ಜಗ್ಗುತ್ತದೆ. ಒಳಗೆ ಜಗ್ಗುವ ಬಲ ಎಷ್ಟೋ ಹೊರಗೂ ಅಷ್ಟೇ ಜಗ್ಗಿದರೆ ಮುಳ್ಳು ನಡುವೆ ನಿಲ್ಲುತ್ತದೆ. ಹೆಚ್ಚಾದರೆ ಹೊರಗಿನ ಗೋಡೆ ಸವೆಯುತ್ತದೆ. ಮುಳ್ಳಿನ ಭಾರ ಬದಲಿಸಿದರೆ ಇದನ್ನೂ ಬದಲಿಸಬೇಕು. ಇದಕ್ಕೆ ವಕೀಲರು 'ಹೊರಜಗ್ಗು' ಎಂದು ಹೆಸರಿಟ್ಟರು. ಮಷಿನ್ನಿನ ಜೊತೆ ಬಂದ ತೂಕದ ಗುಂಡು ಗಾಡಿಯ ಹುಲ್ಲಿನಲ್ಲೆಲ್ಲೋ ಕಳೆದುಹೋಗಿತ್ತು. ಅಕ್ಕಸಾಲಿಗರ ಅಂಗಡಿಯಿಂದ ಗುಲಗಂಜಿ ತಂದು, ತೂತು ಕೊರೆಸಿ, ದಾರಕ್ಕೆ ಪೋಣಿಸಿದರು. ಬಂಗಾರ ತೂಗುವ ಕಾಳು, ಒಂದರಂತೆ ಇನ್ನೊಂದು. ಕೆಂಪು ಮೈ, ಕಪ್ಪು ಕಣ್ಣು. ಹಾಡು ನಡೆಯುವಾಗ ಆ ಕಣ್ಣುಗಳು ಗಾಳಿಯಲ್ಲಿ ತೂಗಾಡುತ್ತ ನಮ್ಮನ್ನೇ ನೋಡುತ್ತಿದ್ದವು. ನನಗದು ಹಿಡಿಸುತ್ತಿರಲಿಲ್ಲ.

ಹೊರಜಗ್ಗು ಎಂಬ ಮಾತು ಮಾತ್ರ ಊರಿಗೆ ಹಿಡಿಸಿತು. ಯಾರಾದರೂ ಕುಡಿತಕ್ಕೆ ಬಿದ್ದರೆ, "ಅಂವಗ ಹೊರಜಗ್ಗು ಇಲ್ರಿ" ಎನ್ನುತ್ತಿದ್ದರು. ಕಟ್ಟಿಕೊಂಡವಳು ಜೋರಾಗಿದ್ದರೆ, "ಹೊರಜಗ್ಗು ಎರಡು ಕಾಳು ಹೆಚ್ಚಾತು" ಎನ್ನುತ್ತಿದ್ದರು.

ಸರಿಯಾಗಿ ಎಷ್ಟು ಕಾಳು ಬೇಕು ಎಂದು ನೋಡುವುದಕ್ಕೆ ಒಂದು ತಟ್ಟೆಯಿತ್ತು. ಒಂದು ಮಗ್ಗುಲಲ್ಲಿ ಹಾಡು, ಇನ್ನೊಂದು ಮಗ್ಗುಲಲ್ಲಿ ಒಂದು ಗೆರೆಯೂ ಇಲ್ಲ, ಕನ್ನಡಿಯ ಹಾಗೆ ನುಣುಪು. ವಕೀಲರು ಅದನ್ನು ಬೋಳು ತಟ್ಟೆ ಎಂದರು. ಮುದುಕಿ, "ಮನ್ಯಾಗ ಬೋಳು ಅಂತ ಅನಬ್ಯಾಡ, ಬಿಡ್ತು ಅನ್ನು" ಎಂದು ಗದರಿ ಅದನ್ನು ಸಪಾಟ ತಟ್ಟಿ ಮಾಡಿದಳು. ಅದರ ಮೇಲೆ ಮುಳ್ಳಿಟ್ಟರೆ ಹಿಡಿದುಕೊಳ್ಳಲು ಓಣಿಯಿಲ್ಲ, ಆದ್ದರಿಂದ ಜಗ್ಗಿದ ಕಡೆ ಹೋಗುತ್ತದೆ. ಕಾಳಿಲ್ಲದಿದ್ದರೆ ಸರ್ರನೆ ಒಳಗೆ. ಒಂದೊಂದೇ ಕಾಳು ಪೋಣಿಸುತ್ತ ಹೋದರೆ ನಿಧಾನವಾಗುತ್ತದೆ. ಕೊನೆಗೊಮ್ಮೆ ಇಟ್ಟಲ್ಲೇ ನಿಲ್ಲುತ್ತದೆ. ತಟ್ಟೆ ಕೆಳಗೆ ಓಡುತ್ತಲೇ ಇರುತ್ತದೆ, ಮುಳ್ಳು ಮಾತ್ರ ಅಲ್ಲಾಡುವುದಿಲ್ಲ. ಹಾಗೆ ನಿಂತ ಮುಳ್ಳನ್ನು ಬಹಳ ಹೊತ್ತು ನೋಡಬಾರದು. ತಟ್ಟೆ ನಿಂತಿದೆ, ಕೋಣೆಯೇ ತಿರುಗುತ್ತಿದೆ ಅನ್ನಿಸುತ್ತದೆ. ಒಮ್ಮೆ ನಾನು ಗೋಡೆ ಹಿಡಿದುಕೊಂಡೆ.

ಮೊದಲ ಸಲ ಮುಳ್ಳು ತಾನಾಗಿ ಸರಿದದ್ದನ್ನು ನೋಡಿ ಮುದುಕಿ ಕೈಮುಗಿದಳು. "ಅಯ್ಯ, ಇದು ಹೂ ಕೊಟ್ಟಂಗ ಆತಲ್ಲೋ!" ಎಂದಳು.

ನಮ್ಮ ಕಡೆ ದೇವರಿಗೆ ಹೂ ಕೇಳುವುದುಂಟು. ಮೂರ್ತಿಯ ಎಡಬಲಕ್ಕೆ ಒದ್ದೆ ಹೂ ಅಂಟಿಸಿ ಮನಸ್ಸಿನ ಮಾತು ಕೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಮುದುಕಿ ಆ ಲೆಕ್ಕವನ್ನು ಮಷಿನ್ನಿಗೆ ಹಚ್ಚಿದಳು. ಮುಳ್ಳು ಬಲಕ್ಕೆ, ಅಂದರೆ ಅಂಚಿನ ಕಡೆ, ಬಂದರೆ ಹೌದು. ಎಡಕ್ಕೆ, ಅಂದರೆ ನಡುವಿಗೆ, ಹೋದರೆ ಇಲ್ಲ. ಮಗ ಕೋರ್ಟಿಗೆ ಹೋದಾಗ ಕಾಳು ಕಳಚಿಟ್ಟು ಓಣಿಯ ಹೆಂಗಸರನ್ನು ಕರೆಯುತ್ತಿದ್ದಳು. ಯಾರು ಏನು ಕೇಳಿದರೂ ಮುಳ್ಳು ಎಡಕ್ಕೇ ಹೋಗುತ್ತಿತ್ತು. ಮತ್ತೆಲ್ಲಿಗೆ ಹೋದೀತು? ನನಗೆ ಹಿರೇಕೆರೂರಿಗೆ ವರ್ಗವಾಗುತ್ತದೆಂಬ ಗುಲ್ಲೆದ್ದಾಗ ನನ್ನನ್ನೂ ಕೂರಿಸಿ ಕೇಳಿಸಿದಳು. ಇಲ್ಲ ಎಂದಿತು. ವಾರದಲ್ಲಿ ಹುಕುಂ ಬಂತು. ನಾನು ಅದನ್ನು ಅವಳ ಮುಂದೆ ಹಿಡಿದೆ. ಮತ್ತೊಂದು ವಾರಕ್ಕೆ ಆ ಹುಕುಂ ರದ್ದಾಯಿತು. ಮುದುಕಿಯನ್ನು ಹಿಡಿಯುವವರೇ ಇಲ್ಲ. ನನ್ನ ಕೆಟ್ಟ ಬಾಯಿ, "ಈ ದೇವ್ರಿಗೆ ಇಲ್ಲ ಅನ್ನೂದೊಂದ ಬರತೈತಿ" ಎಂದಿತು. "ಬ್ಯಾರೆ ದೇವ್ರಿಗೆ ಅದೂ ಬರೂದಿಲ್ಲ" ಎಂದಳು.

ಹೀಗೆ ಸುದ್ದಿ ಹಬ್ಬಿ ಆಡೂರಿನಿಂದ ಫಕೀರವ್ವ ಬಂದಳು.

ಫಕೀರವ್ವನ ಗಂಡ ಯಲವಿಗಿ ಸ್ಟೇಶನ್ನಿನಲ್ಲಿ ಗಾಡಿ ಹತ್ತಿದವನು ತಿರುಗಿ ಬಂದಿರಲಿಲ್ಲ. ಎಂಟು ವರ್ಷವಾಗಿತ್ತು. ಊರಲ್ಲೇ ಹೆಂಡತಿ ಸತ್ತ ಒಬ್ಬ ಒಕ್ಕಲಿಗ ಅವಳಿಗೆ ಸೀರೆ ಉಡಿಸಿ ಉಡಿಕೆ, ಅಂದರೆ ಮರುಮದುವೆ, ಮಾಡಿಕೊಳ್ಳುತ್ತೇನೆ ಎಂದು ಕಾದಿದ್ದ. ಅವಳಿಗೂ ಮನಸ್ಸಿತ್ತು. ಹಿರಿಯರು ಮಾತ್ರ ಒಪ್ಪಲಿಲ್ಲ. ಗಂಡ ಬದುಕಿರುವಾಗ ಉಡಿಕೆ ಎಂದರೆ ಹೇಗೆ? ಊರ ದೇವಿಗೆ ಹೂ ಕೇಳಿದರು. ಎರಡೂ ಹೂ ಅಂಟಿದಲ್ಲೇ ಬಾಡಿ ಒಣಗಿದವು, ಒಂದೂ ಬೀಳಲಿಲ್ಲ. ಅದಕ್ಕೇ ಹಾನಗಲ್ಲಿನ ಮುಳ್ಳು.

ನಾನು ವಕೀಲರನ್ನು ಕೇಳಿದೆ. "ಏಳು ವರ್ಷ ಸುದ್ದಿ ಇಲ್ಲಂದ್ರ ಸತ್ತಂಗ ಲೆಕ್ಕಾ ಅಂತ ಕಾಯ್ದೆ ಐತೆಲ್ರಿ? ಕೋರ್ಟಿಗೆ ಹಾಕ್ರಲಾ." ಅವರು ಎಲೆಯ ತೊಟ್ಟನ್ನು ಉಗುರಿನಿಂದ ಚಿವುಟುತ್ತ ಕೂತರು. ಮುಳ್ಳಿನ ಮಾತೆತ್ತಿದರೆ ಸಿಡಿಮಿಡಿಗೊಳ್ಳುತ್ತಿದ್ದವರು ಈ ಸಲ ತಾಯಿಗೆ, "ಬರ್ಲಿ, ಎಲ್ಲಾರೂ ಬರ್ಲಿ, ಕೇಳ್ಲಿ" ಎಂದರು. ನನಗೆ ಆಶ್ಚರ್ಯವಾಯಿತು. ಆಮೇಲೆ ಅವರ ಉಪಾಯ ಹೊಳೆದು ಸಂತೋಷವಾಯಿತು. ಕಾಳು ಕಳಚಿದರೆ ಮುಳ್ಳು ಎಡಕ್ಕೆ ಹೋಗುವುದು ಖಂಡಿತ. ಗಂಡ ಇದ್ದಾನೋ ಎಂದರೆ ಇಲ್ಲ ಎನ್ನುತ್ತದೆ, ಹಿರಿಯರು ಒಪ್ಪುತ್ತಾರೆ, ಹೆಣ್ಣಿಗೊಂದು ಬಾಳು ಆಗುತ್ತದೆ. ವಕೀಲರು ಬಾಯಿ ತೆರೆಯಬೇಕಾಗಿಯೇ ಇಲ್ಲ.

ಬೇಸಿಗೆಯ ಮಧ್ಯಾಹ್ನ. ಮಾಳಿಗೆಯ ಕಿಟಕಿಯಿಂದ ಬಿಸಿಲು ನೇರ ಮಷಿನ್ನಿನ ಮೇಲೆ ಬಿದ್ದಿತ್ತು. ಆಡೂರಿನ ಹಿರಿಯರು ಎಡಗಡೆಯ ಗೋಡೆಗೆ ಸಾಲಾಗಿ ಕೂತರು. ಅವರಲ್ಲಿ ಹಿರಿಯ ಗೌಡರಿಗೆ ಕಣ್ಣು ಪೂರಾ ಹೋಗಿದ್ದವು. ಫಕೀರವ್ವನನ್ನು ನನ್ನ ಪಕ್ಕ ಕೂರಿಸಿದರು. ಮೂವತ್ತರ ಹೆಣ್ಣು, ಕೈ ನೋಡಿದರೆ ಐವತ್ತರವು. ಅವಳು ಮಷಿನ್ನನ್ನು ನೋಡುತ್ತಿರಲಿಲ್ಲ, ವಕೀಲರ ಮುಖವನ್ನು ನೋಡುತ್ತಿದ್ದಳು. ವಕೀಲರು ನನ್ನ ಕಣ್ಣೆದುರಿಗೇ ದಾರದಿಂದ ಕಾಳುಗಳನ್ನೆಲ್ಲ ಕಳಚಿ ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡರು. ಬರಿ ದಾರ ನೇತಾಡಿತು.

ಗೌಡರು ದೊಡ್ಡ ದನಿಯಲ್ಲಿ ಕೇಳಿದರು. "ಈಕಿ ಗಂಡ ಬದುಕ್ಯಾನೇನವ್ವಾ? ಇದ್ರ ಬಲಕ್ಕ ಬಾ, ಇಲ್ಲಂದ್ರ ಎಡಕ್ಕ ಹೋಗು."

ವಕೀಲರು ತಟ್ಟೆ ತಿರುಗಿಸಿ ಮುಳ್ಳಿಳಿಸಿದರು. ಎರಡೂ ಪೆಟ್ಟಿಗೆಗಳಿಂದ ಸುಂಯ್ ಎಂಬ ಸದ್ದು ಎದ್ದಿತು. ಸಪಾಟ ತಟ್ಟೆಗೆ ಅದೊಂದೇ ಹಾಡು. ಮುಳ್ಳು ಸರಿಯುವುದನ್ನು ಕಾಯುತ್ತ ಕೂತೆವು.

ಮುಳ್ಳು ಸರಿಯಲಿಲ್ಲ. ಇಟ್ಟಲ್ಲೇ ನಿಂತಿತು. ಕಾಳಿಲ್ಲದೆ ಅದು ನಿಲ್ಲುವುದು ನಾನು ಕಂಡಿರಲಿಲ್ಲ. ಆಮೇಲೆ ಆ ಸುಂಯ್ ಸದ್ದು ಸಣ್ಣದಾಗುತ್ತ ಹೋಗಿ ನಿಂತೇಬಿಟ್ಟಿತು. ತಟ್ಟೆ ತಿರುಗುತ್ತಿದೆ, ಮುಳ್ಳು ಅದರ ಮೇಲಿದೆ, ಸದ್ದಿಲ್ಲ. ಆ ಬಿಸಿಲಿನಲ್ಲಿ ನನ್ನ ತೋಳಿನ ಕೂದಲು ನಿಂತವು. ಮಷಿನ್ನಿನ ತೋಳು ಬಲಕ್ಕೆ ವಾಲಿತು. ಯಾರೋ ಸೆರಗು ಹಿಡಿದು ಮೆಲ್ಲಗೆ ಜಗ್ಗಿದಂತೆ, ಅವಸರವಿಲ್ಲದೆ, ಮುಳ್ಳು ಅಂಚಿನ ಕಡೆ ಹೊರಟಿತು.

ವಕೀಲರ ಮುಖದಲ್ಲಿ ರಕ್ತವಿರಲಿಲ್ಲ. ನನಗೆ ಹೆದರಿಕೆ, ಹಿರಿಯರಿಗೆ ಭಕ್ತಿ. ವಕೀಲರ ಮುಖದಲ್ಲಿ ಇದ್ದುದು ಎರಡೂ ಅಲ್ಲ. ಸಾಕ್ಷಿಯ ಕಟ್ಟೆಯಲ್ಲಿ ನಿಂತು ಸಿಕ್ಕಿಬಿದ್ದವರ ಮುಖ ಅದು. ಅದರ ಅರ್ಥ ನನಗೆ ಆಗ ಆಗಲಿಲ್ಲ.

"ಯಾ ಕಡೆ ಹೊಂಟೈತ್ಯೋ?" ಎಂದರು ಕುರುಡ ಗೌಡರು.

ಪಕ್ಕದಲ್ಲಿ ಬಳೆ ಸದ್ದಾಯಿತು. ಫಕೀರವ್ವ ಎದ್ದಳು. ಮಷಿನ್ನಿನ ಹತ್ತಿರ ಹೋಗಿ ಬಗ್ಗಿ, ಮಗುವಿಗೆ ಹೇಳುವಷ್ಟೇ ದನಿಯಲ್ಲಿ ಮುಳ್ಳಿಗೆ ಹೇಳಿದಳು. "ಇದ್ರ ಬರ್ಲಿ. ಬರಲಾರದಾಂವ ಇದ್ದದ್ದು ಯಾರ ಸಲುವಾಗಿ?" ಹೇಳಿದವಳೇ ತೋರುಬೆರಳನ್ನು ತೋಳಿನ ತಲೆಗೆ ಒತ್ತಿ ಎಡಕ್ಕೆ ದೂಡಿದಳು. ಮುಳ್ಳು ಅಲುಗಲಿಲ್ಲ. ಅವಳು ಇನ್ನೂ ಒತ್ತಿದಳು. ಆಚೆಯಿಂದಲೂ ಯಾರೋ ಒತ್ತುತ್ತಿದ್ದಾರೆ ಎಂದೇ ನನಗನ್ನಿಸಿತು, ಈಗಲೂ ಅನ್ನಿಸುತ್ತದೆ. ಒಮ್ಮೆಲೇ ಎರಡೂ ಪೆಟ್ಟಿಗೆಗಳು ಚೀರಿದವು. ಮುಳ್ಳು ತಟ್ಟೆಯನ್ನು ಕೊರೆಯುತ್ತ, ಅಂಚಿನಿಂದ ಸುರುಳಿ ಸುರುಳಿಯಾಗಿ ಗೀರೆಳೆಯುತ್ತ ನಡುವಿಗೆ ಹೋಗಿ ಮುಟ್ಟಿತು.

ಅವಳು ಬಂದು ನನ್ನ ಪಕ್ಕ ಕೂತಳು. ಕಣ್ಣಿದ್ದ ಹಿರಿಯರೆಲ್ಲ ಎಲ್ಲವನ್ನೂ ಕಂಡಿದ್ದರು, ಆದರೂ ನೆಲ ನೋಡುತ್ತಿದ್ದರು.

"ಏನಾತ್ರೋ? ಯಾರರ ಹೇಳ್ರಿ," ಎಂದರು ಗೌಡರು. "ವಕೀಲ್ರ, ನೀವ ಹೇಳ್ರಿ. ನೀವು ಸುಳ್ಳು ಹೇಳೂದಿಲ್ಲ. ಯಾ ಕಡೆ ಹೋತು?"

ವಕೀಲರು ಮುಷ್ಟಿ ಬಿಗಿಹಿಡಿದು ನಿಂತಿದ್ದರು. ಫಕೀರವ್ವ ಮತ್ತೆ ಅವರ ಮುಖವನ್ನೇ ನೋಡುತ್ತಿದ್ದಳು. ಅವಳ ಬಾಳು ಆ ಸಣಕಲು ಮನುಷ್ಯನ ನಾಲಿಗೆಯ ಮೇಲೆ ನಿಂತಿತ್ತು.

"ಎಡಕ್ಕ ಹೋತ್ರಿ," ಎಂದರು.

"ಹಂಗಾರ ಆತು ಬಿಡ್ರಿ," ಎಂದು ಗೌಡರು ಕೋಲು ಹಿಡಿದು ಎದ್ದರು. ಉಳಿದವರೂ ಎದ್ದರು. ಮೇಟಿ ಸುತ್ತಿ ದಣಿದ ಎತ್ತುಗಳ ಹಾಗೆ ಅವರಿಗೂ ಹಗ್ಗ ಬಿಚ್ಚಿದರೆ ಸಾಕಾಗಿತ್ತು. ಆ ತಿಂಗಳೇ ಉಡಿಕೆ ಆಯಿತು.

ಎಲ್ಲರೂ ಹೋದ ಮೇಲೆ ವಕೀಲರು ಮುಷ್ಟಿ ತೆರೆದರು. ಕಾಳುಗಳೆಲ್ಲ ಅಲ್ಲೇ ಇದ್ದವು, ಕಪ್ಪು ಕಣ್ಣು ಮೇಲೆ ಮಾಡಿ. ನಾನು ಧೈರ್ಯ ತಂದುಕೊಂಡು, "ಅಷ್ಟು ಮಂದಿ ಕುಂತಿದ್ರು, ಮಾಳಗಿ ಹಲಗಿ ಬಗ್ಗಿರಬೇಕ್ರಿ" ಎಂದೆ. "ಅವ್ರು ಕುಂತಿದ್ದು ಎಡಕ್ಕ, ಅಕ್ಕೋರ. ಬಗ್ಗಿದ್ರ ಎಡಕ್ಕ ಬಗ್ಗಬೇಕಿತ್ತು" ಎಂದರು. ಮರುದಿನದಿಂದ ನೀರಿನ ಮಟ್ಟಗೋಲು ಇಟ್ಟು ನೋಡಿದರು, ಮೇಜಿನ ಕಾಲು ಅಳೆದರು, ಕಕ್ಷಿದಾರರನ್ನು ಕರೆದು ಅದೇ ಗೋಡೆಗೆ ಸಾಲಾಗಿ ಕೂರಿಸಿ ನೋಡಿದರು. ಹಾಡಿನ ತಟ್ಟೆಗಳ ಮೇಲೆ ದೂಳು ಕೂತಿತು.

ಸುಳ್ಳು ಹೇಳಿದಿರಿ ಎಂದು ನಾನು ಒಮ್ಮೆ ಕೆಣಕಿದೆ. ಅವರು ನಗಲಿಲ್ಲ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು.

"ನಾ ಅವನ್ನ ನೋಡಿದ್ನಿ, ಅಕ್ಕೋರ. ಮಿರಜದ ಸ್ಟೇಶನ್‌ದಾಗ. ಅವರಪ್ಪನ ಹೊಲದ ಖಟ್ಲೆ ನಾನ ನಡಿಸಿದ್ದೆ, ಗುರ್ತು ಹತ್ತಿತು. ಬಗಲಾಗ ಒಂದು ಕೂಸು, ಹಿಂದ ಮತ್ತೊಬ್ಬಾಕಿ. ನನ್ನ ಕಾಲು ಹಿಡದು, ಊರಾಗ ನಾ ಸತ್ತೇನಿ ಅಂತ ಹೇಳಿಬಿಡ್ರಿ ಅಂದ. ಅದಾನ ಅಂತ ಹೇಳಿದ್ರ ಆಕಿ ಕೊರಳಿಗೆ ಕಲ್ಲು, ಸತ್ತಾನ ಅಂದ್ರ ನನ್ನ ನಾಲಿಗಿಗೆ ಕಲ್ಲು. ನಾ ಹೇಳಲಾರದ್ದನ್ನ ಮುಳ್ಳು ಹೇಳ್ಲಿ ಅಂತ ಕಾಳು ಬಿಚ್ಚಿದೆ. ಆ ಕೋಣ್ಯಾಗ ಅಂವ ಬದುಕ್ಯಾನ ಅನ್ನೂದು ಗೊತ್ತಿದ್ದದ್ದು ನನಗೊಬ್ಬಗ. ಅದಕ್ಕ ಹೆಂಗ ಗೊತ್ತಾತ್ರಿ?"

ಗುಲಗಂಜಿ ತನ್ನ ಕಪ್ಪು ತಾನರಿಯದು ಎನ್ನುತ್ತಾರೆ. ಇವರು ಅರಿತಿದ್ದರು. ಅದೇ ಅವರನ್ನು ತಿಂದಿತು. ಮುಂದೆ ಕೋರ್ಟಿನಲ್ಲಿ ಪ್ರಶ್ನೆ ಕೇಳುವಾಗಲೂ ನಡುವೆ ನಿಂತುಬಿಡುತ್ತಿದ್ದರಂತೆ. ಮುದುಕಿ ಮೊದಲು ಹೋದಳು, ಎರಡು ವರ್ಷಕ್ಕೆ ಇವರೂ ಹೋದರು. ನನಗೆ ಅವರ ಮೇಲೆ ಬಹಳ ಪ್ರೀತಿ ಇತ್ತೆಂದು ತಿಳಿದದ್ದು, ಅವರನ್ನು ಕೂರಿಸಿ ಮಣ್ಣು ಕೊಟ್ಟು ಬಂದವರು ಬಾಗಿಲಲ್ಲಿ ಕಾಲು ತೊಳೆಯುವ ಸದ್ದು ಕೇಳಿದಾಗ.

ಆ ದಿನ ಫಕೀರವ್ವನೂ ಬಂದಿದ್ದಳು, ಕಂಕುಳಲ್ಲಿ ಮಗು. ಎಲ್ಲರೂ ಚದುರಿದ ಮೇಲೆ ನನ್ನ ಹತ್ತಿರ ಬಂದು, "ಆ ಮುಳ್ಳು ಐತೇನ್ರಿ ಇನ್ನಾ?" ಎಂದಳು. ಮಾಳಿಗೆಗೆ ಕರೆದೊಯ್ದೆ. ಸಪಾಟ ತಟ್ಟೆ ಮಷಿನ್ನಿನ ಮೇಲೇ ಇತ್ತು. ದಾರಕ್ಕೆ ಕಾಳಿರಲಿಲ್ಲ.

"ಅವತ್ತ ಅದು ಖರೇನ ಹೇಳಿತ್ರಿ, ಅಕ್ಕೋರ," ಎಂದಳು ಫಕೀರವ್ವ.

ನಾನು ಬೆಚ್ಚಿದೆ. "ನಿನಗ ಹೆಂಗ ಗೊತ್ತು?"

"ಕೌದಿ ಹೊಲಿಯಾಕಿ ಒಬ್ಬಾಕಿ ಮಿರಜದಾಗ ನೋಡಿ ಬಂದು ಹೇಳಿದ್ಲು. ಮೊದಲಿಂದ ಗೊತ್ತಿತ್ತು. ವಕೀಲ್ರಿಗೂ ಗೊತ್ತಿತ್ತು, ಅವ್ರ ಮಾರಿ ನೋಡಿದ ಕೂಡ್ಲೆ ತಿಳೀತು. ಅದಕ್ಕ ನಾನ ದೂಡಿದ್ನಿ. ಅವ್ರ ಕೈಲಿ ದೂಡಾಕ ಆಗತಿರಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಮ್ಮಿ ಇಡ್ರಿ ಅಕ್ಕೋರ, ನೋಡೂಣು."

ಇಡುವ ಮನಸ್ಸಿರಲಿಲ್ಲ. ಆದರೂ ಇಟ್ಟೆ. ತಟ್ಟೆ ತಿರುಗಿತು. ಅಂಚಿನ ಹತ್ತಿರ, ಗೀರಿನ ಎರಡು ಸುತ್ತುಗಳ ನಡುವೆ ಇನ್ನೂ ನುಣುಪಾಗಿ ಉಳಿದಿದ್ದ ಒಂದು ಬೆರಳಗಲ ಜಾಗದಲ್ಲಿ ಮುಳ್ಳು ನಿಂತಿತು. ಸದ್ದು ಅಡಗಿತು. ತೋಳು ಮೆಲ್ಲಗೆ ಬಲಕ್ಕೆ ವಾಲಿದ್ದನ್ನು ನಾವಿಬ್ಬರೂ ಕಂಡೆವು. ನಾನು ಅವಳ ಕೈ ಹಿಡಿದುಕೊಂಡು, "ದೂಡು, ಫಕೀರವ್ವ" ಎಂದೆ.

ಅವಳು ಕೈ ಚಾಚಲಿಲ್ಲ. ಮಗುವನ್ನು ಸರಿಯಾಗಿ ಎತ್ತಿಕೊಂಡು ಕಾದಳು. ಟಕ್ ಎಂದಿತು. ಅಂದು ಅವಳು ಕೊರೆದ ಗೀರಿಗೆ ಮುಳ್ಳು ಬಿದ್ದಿತ್ತು. ಅಲ್ಲಿಂದ ಸುರುಳಿಯನ್ನೇ ಹಿಡಿದು, ಸುತ್ತಿ ಸುತ್ತಿ, ಎಡಕ್ಕೆ ಹೊರಟಿತು.

"ಇನ್ನ ದೂಡೂದು ಬ್ಯಾಡ್ರಿ," ಎಂದಳು ಫಕೀರವ್ವ. "ದಾರಿ ಬಿದ್ದೈತಿ."